‘ಲೈಸೆನ್ಸ್ ಬೇಡ’ ಅಂದವನ ಮಾತು ನಂಬಿ ಡ್ರೋನ್ ಕಳೆದುಕೊಂಡೆ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾಕ್ಕೆ ಶೂಟಿಂಗ್‌ಗೆ ಬರುವ ಗೆಳೆಯರೇ, ಡ್ರೋನ್ ಬ್ಯಾಗಿಗೆ ಹಾಕುವ ಮೊದಲು ಇದನ್ನು ಓದಿ.

ನಾನಿರುವುದು ವಾಸ್ಕೋದಲ್ಲಿ. ಹೋದ ಡಿಸೆಂಬರ್‌ನಲ್ಲಿ ಊರಿನವರದೇ ಒಂದು ಪ್ರೀ-ವೆಡ್ಡಿಂಗ್ ಶೂಟ್ ಒಪ್ಪಿಕೊಂಡೆ. ಜಾಗ ಬೋಗ್ಮಾಳೊ ಬೀಚ್. ಡ್ರೋನ್ ಹೊಸದು. ಅಂಗಡಿಯವನು ಡಬ್ಬಿ ಮೇಲಿನ ‘249 ಗ್ರಾಂ’ ತೋರಿಸಿ, "ಅಣ್ಣಾ, 250ರ ಒಳಗೈತಿ, ಲೈಸೆನ್ಸ್ ಬೇಡ, ಎಲ್ಲಿ ಬೇಕಾದ್ರೂ ಹಾರಿಸ್ರಿ" ಅಂದಿದ್ದ. ಜಾಸ್ತಿ ಹೊತ್ತು ಹಾರಲಿ ಅಂತ ಎರಡು ದೊಡ್ಡ ಬ್ಯಾಟರಿಗಳನ್ನೂ ಮಾರಿದ್ದ.

ಹುಡುಗಿ ಸೆರಗು ಗಾಳಿಗೆ ಬಿಟ್ಟು ನಿಂತಿದ್ದಳು. ಡ್ರೋನ್ ಮೇಲೇರಿ ಐದು ನಿಮಿಷವೂ ಆಗಿರಲಿಲ್ಲ, ಇಬ್ಬರು ಪೊಲೀಸರು ಬಂದು ಇಳಿಸು ಅಂದರು. ದಾಬೋಳಿ ವಿಮಾನ ನಿಲ್ದಾಣ ಅಲ್ಲೇ ಪಕ್ಕದಲ್ಲಿ. ಅದು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯೂ ಹೌದು. ದಿನಾ ತಲೆ ಮೇಲೆ ವಿಮಾನ ನೋಡುವ ನನಗೆ ಇಷ್ಟೂ ಹೊಳೆಯಲಿಲ್ಲ ನೋಡಿ!

ಠಾಣೆಯಲ್ಲಿ 249 ಗ್ರಾಂ ಅಂತ ವಾದ ಮಾಡಿದೆ. ಲೈಸೆನ್ಸ್ ಬೇರೆ, ಅನುಮತಿ ಬೇರೆ ಅಂದರು. ಡ್ರೋನ್ ಎಷ್ಟೇ ಚಿಕ್ಕದಿರಲಿ, ವಿಮಾನ ನಿಲ್ದಾಣದ ಪಕ್ಕದ ಇಂಥ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಹಾರಿಸುವ ಹಾಗಿಲ್ಲ. ಎಲ್ಲಿ ಹಾರಿಸಬಹುದು, ಎಲ್ಲಿ ಅನುಮತಿ ಬೇಕು ಅಂತ ಸರ್ಕಾರದ ‘ಡಿಜಿಟಲ್ ಸ್ಕೈ’ ಆನ್‌ಲೈನ್ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ಎಲ್ಲ ಇದೆ. ನಾನು ಒಮ್ಮೆಯೂ ತೆರೆದಿರಲಿಲ್ಲ. ಆಮೇಲೆ ಬಿಲ್ ಕೇಳಿದರು. ನನ್ನದು ವಿದೇಶಿ ಡ್ರೋನ್, ಅಂಥದ್ದರ ಆಮದಿಗೆ 2022ರ ಫೆಬ್ರವರಿಯಿಂದಲೇ ನಿಷೇಧ ಇದೆ. ನನ್ನ ಹತ್ತಿರ ಇದ್ದದ್ದು ಕೈಯಲ್ಲಿ ಬರೆದ ಚೀಟಿ.

ಇನ್ನೊಂದು ಪೆಟ್ಟು ಮನೆಗೆ ಬಂದ ಮೇಲೆ. ಉಳಿದಿದ್ದ ಎರಡು ಬ್ಯಾಟರಿಗಳನ್ನು ಕೆಳಗಿನ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದೆ. ಡಬ್ಬಿಯಲ್ಲಿ ಬಂದದ್ದು 80 ಗ್ರಾಂ, ದೊಡ್ಡದು 120. ಆವತ್ತು ದೊಡ್ಡದನ್ನೇ ಹಾಕಿದ್ದೆ, ಅಂದರೆ ಹಾರಿದ್ದು 290 ಗ್ರಾಂ ಹತ್ತಿರ! 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗೆ ನ್ಯಾನೋ, ಅದಕ್ಕೆ ಪೈಲಟ್ ಸರ್ಟಿಫಿಕೇಟ್, ಅಂದರೆ ಅಂಗಡಿಯವನು ಹೇಳಿದ ಲೈಸೆನ್ಸ್, ಬೇಡ. ಅದರ ಮೇಲೆ 2 ಕಿಲೋವರೆಗೆ ಮೈಕ್ರೋ. ಮೈಕ್ರೋವನ್ನು ಸುಮ್ನೆ ಖುಷಿಗೆ ಹಾರಿಸಿದರೆ ಸರ್ಟಿಫಿಕೇಟ್ ಬೇಡ, ದುಡ್ಡು ತಗೊಂಡು ಹಾರಿಸಿದರೆ ಬೇಕೇ ಬೇಕು. ನಾನು ಅಡ್ವಾನ್ಸ್ ತಗೊಂಡಿದ್ದೆನಲ್ಲ! ಡಬ್ಬಿ ಮೇಲಿನ ತೂಕ ನಂಬಬೇಡಿ. ಬ್ಯಾಟರಿ, ರೆಕ್ಕೆ ಗಾರ್ಡು, ಫಿಲ್ಟರು ಎಲ್ಲ ಹಾಕಿ ತೂಗಿ.

ಅಡ್ವಾನ್ಸ್ ವಾಪಸ್ ಕೊಟ್ಟೆ. ಡ್ರೋನ್ ಇನ್ನೂ ಠಾಣೆಯಲ್ಲೇ ಇದೆ. ಹುಡುಗಿಯ ಕಾಕಾ ಸಿಕ್ಕಾಗಲೆಲ್ಲ, "ಏನೋ ತಮ್ಮಾ, ನಿನ್ನ ವಿಮಾನ ಬಂತೇನು?" ಅಂತ ಕೇಳ್ತಾರೆ.