ಪಂದಿ ಕರಿಗೆ ಕಡಂಬುಟ್ಟೋ, ಒಟ್ಟಿಯೋ?

ಮಡಿಕೇರಿಗೆ ಹೊರಟಿದ್ದೇನೆ ಅಂದರೆ ಸಾಕು, ಎಲ್ಲರೂ ಹೇಳುವುದು ಒಂದೇ: ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರಿನ ಜೊತೆ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿ ಉಂಡೆ ತಿನ್ನು. ಬೇರೆ ಏನೂ ಸಿಗಲ್ಲವೇನೋ ಅನ್ನುವ ಹಾಗೆ. ಹೋದ ಮಳೆಗಾಲದಲ್ಲಿ ನಾನೂ ಹೆಂಡತಿಯೂ ಮೂರು ದಿನ ಅಲ್ಲೇ ಉಳಿದೆವು. ಅದೇ ಕರಿಯನ್ನು ಬೇರೆ ಬೇರೆಯದರ ಜೊತೆ ತಿಂದು ನೋಡಿದೆ.

ಮೊದಲ ದಿನ ಕೋಟೆಗೆ ಹೋದೆವು. 1681ರಲ್ಲಿ ಕೊಡಗಿನ ದೊರೆ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದು, ಆಮೇಲೆ ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗೆ ಎರಡು ಗಾರೆ ಆನೆಗಳು ಸುಮ್ನೆ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದವು. ನಾವೂ ನೆಂದು, ಹಸಿದು, ಪೇಟೆಯ ಒಂದು ಹೋಟೆಲಿಗೆ ನುಗ್ಗಿದೆವು. ಕಡಂಬುಟ್ಟು ಆರಿಹೋಗಿತ್ತು. ಬೆರಳಲ್ಲಿ ಮುರಿಯಲು ಹೋದರೆ ಉಂಡೆ ಜಾರಿ ತಟ್ಟೆಯ ಅಂಚಿಗೆ ಓಡಿತು. ಕರಿ ಕೆಂಪಗಿತ್ತು, ಟೊಮೆಟೊ ಹುಳಿ ಬೇರೆ. ಪಂದಿ ಕರಿ ಕಪ್ಪಗಿರಬೇಕು ಅಲ್ವಾ?

ಮರುದಿನ ಹೋಂಸ್ಟೇ ಅಡುಗೆಮನೆಯಲ್ಲಿ ಆ ಕಪ್ಪು ಎಲ್ಲಿಂದ ಬರುತ್ತದೆ ಅಂತ ನೋಡಿದೆ. ಕೊತ್ತಂಬರಿ, ಕಾಳುಮೆಣಸು, ಜೀರಿಗೆಯನ್ನು ಚೆನ್ನಾಗಿ ಕಪ್ಪಾಗುವವರೆಗೆ ಹುರಿದು ಪುಡಿ ಮಾಡಿದರು. ಕೊನೆಗೆ ಕಾಚಂಪುಳಿ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಗಟ್ಟಿ ಮಾಡಿದ್ದು, ನೋಡಲು ಡಾಂಬರಿನ ಹಾಗೆ. ಬೆರಳ ತುದಿಯಲ್ಲಿ ನೆಕ್ಕಿದೆ, ಕಣ್ಣು ತಾನಾಗಿ ಮುಚ್ಚಿಕೊಂಡಿತು. "ಅದು ನೆಕ್ಕೋದಲ್ಲ ಮಾರಾಯ," ಅಂತ ಆಂಟಿ ನಕ್ಕರು.

ಅಲ್ಲಿನ ಕಡಂಬುಟ್ಟು ಹಬೆಯಿಂದ ನೇರ ತಟ್ಟೆಗೆ ಬಂತು. ಅಕ್ಕಿ ತರಿ ಉಂಡೆ ಮೆತ್ತಗೆ ಒಡೆಯಿತು, ಕೊಬ್ಬಿನ ರಸವೆಲ್ಲ ಹೀರಿಕೊಂಡಿತು. ಹಿಂದಿನ ದಿನ ಸುಮ್ನೆ ಬೈದೆನಲ್ಲಾ ಅನ್ನಿಸಿತು. ಆದರೆ ಹತ್ತು ನಿಮಿಷ ಮಾತಾಡುತ್ತಾ ಕುಳಿತರೆ ಕಥೆ ಮುಗಿಯಿತು, ಮತ್ತೆ ಗಟ್ಟಿ.

ರಾತ್ರಿ ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ ಮಾಡಿದರು. ಅನ್ನವನ್ನು ಅಕ್ಕಿ ಹಿಟ್ಟಿನ ಜೊತೆ ನಾದಿ, ತಟ್ಟಿ, ಕಾವಲಿ ಮೇಲೆ ಬೇಯಿಸಿ, ಆಮೇಲೆ ಕೆಂಡದ ಮೇಲಿಟ್ಟರು. ಉಬ್ಬಿತು, ಅಲ್ಲಲ್ಲಿ ಕಪ್ಪು ಚುಕ್ಕೆ ಬಂತು. ಆ ಸುಟ್ಟ ವಾಸನೆಗೂ ಕರಿಯ ಹುಳಿಗೂ ಒಳ್ಳೆ ಜೋಡಿ. ತಣ್ಣಗಾದರೂ ಮೆತ್ತಗೇ ಇರುತ್ತದೆ. ನನ್ನ ಓಟು ಇದಕ್ಕೇ, ಕೊಡಗಿನ ಗೆಳೆಯರು ಜಗಳಕ್ಕೆ ಬಂದರೂ ಪರವಾಗಿಲ್ಲ. ಹಂದಿ ತಿನ್ನದ ಹೆಂಡತಿ ಬೈಂಬಳೆ ಕರಿ, ಅಂದರೆ ಕಣಿಲೆ (ಎಳೆ ಬಿದಿರು) ಸಾರು, ಹಚ್ಚಿಕೊಂಡು ನಾಲ್ಕು ಒಟ್ಟಿ ಮುಗಿಸಿದಳು.

ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಪಂದಿಗೆ ಆಗಲ್ಲ. ಎಳೆ ತುಂಬಾ ನಾಜೂಕು, ಕೊಬ್ಬಿಗೆ ಮುದ್ದೆಯಾಗಿಬಿಡುತ್ತದೆ. ಕೋಳಿ ಕರಿಗೆ ಹಾಕಿಕೊಳ್ಳಿ, ಆಗ ಮಜಾ. ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿ ಮಾಡುವ ಪಾಪುಟ್ಟಿನಲ್ಲಿ ಹಾಲು, ತೆಂಗಿನತುರಿ ಇರುವುದರಿಂದ ಸ್ವಲ್ಪ ಸಿಹಿ. ನಾನು ಕಾಫಿ ಜೊತೆ ತಿಂದೆ.

ಬರುವಾಗ ಒಂದು ಬಾಟಲಿ ಕಾಚಂಪುಳಿ ತಂದೆವು. ಮನೆಯಲ್ಲಿ ಕಡಂಬುಟ್ಟು ಮಾಡಲು ಹೋಗಿ ಗಂಜಿಯಾಯಿತು. ಒಟ್ಟಿ ಮಾತ್ರ ಎರಡನೇ ಸಲಕ್ಕೇ ಉಬ್ಬಿತು, ಗ್ಯಾಸ್ ಒಲೆಯಲ್ಲೇ.