ಬೋಟಿನ ಸ್ಟೇರಿಂಗ್ ಸೋರಿದಾಗ: ಬಳ್ಳಾರಿ ಸೀಲ್, ಕಂಪನಿ ಕಿಟ್, ಹೊಸ ಸಿಲಿಂಡರ್

ಟಿ.ಬಿ. (ತುಂಗಭದ್ರಾ) ಡ್ಯಾಮಿನ ಹಿನ್ನೀರಿನಲ್ಲಿ, ಮುನಿರಾಬಾದ್ ಕಡೆಯ ದಡದಲ್ಲಿ, ಎರಡು ಫೈಬರ್ ಬೋಟುಗಳ ರಿಪೇರಿ ನನ್ನ ತಲೆ ಮೇಲಿದೆ. ಒಂದಕ್ಕೆ 40 ಎಚ್‌ಪಿ ಮೋಟಾರ್, ಕೇಬಲ್ ಸ್ಟೇರಿಂಗ್. ಇನ್ನೊಂದಕ್ಕೆ 60 ಎಚ್‌ಪಿ, ಹೈಡ್ರಾಲಿಕ್ ಸ್ಟೇರಿಂಗ್. ಎರಡನೆಯದು ಸೋರೋಕೆ ಶುರುವಾದಾಗ ಯಾವ ದಾರಿ ಹಿಡಿಯಬೇಕು ಅಂತ ಹೇಳೋರು ಈ ಕಡೆ ಯಾರೂ ಇಲ್ಲ. ಟ್ರ್ಯಾಕ್ಟರ್ ಮೆಕ್ಯಾನಿಕ್ ಬೇಕಾದಷ್ಟು ಜನ, ಬೋಟ್ ಮೆಕ್ಯಾನಿಕ್ ಬೇಕಂದ್ರೆ ಕರಾವಳಿಗೆ ಫೋನ್ ಹಚ್ಚಬೇಕು. ಹಾಗಾಗಿ ಒಂದೊಂದನ್ನೇ ಹಾಕಿ ನೋಡಿದ್ದೇನೆ.

ಮೊದಲು ಎಲ್ಲಿ ಸೋರುತ್ತಿದೆ ಅನ್ನೋದು ಗೊತ್ತಾಗಬೇಕು. ಈ ಸ್ಟೇರಿಂಗಿನಲ್ಲಿ ಇರೋದೇ ಮೂರು ಸಾಮಾನು. ಚಕ್ರದ ಹಿಂದೆ ಎಣ್ಣೆ ತುಂಬಿದ ಪಂಪು, ಅಲ್ಲಿಂದ ಹಿಂದಕ್ಕೆ ಹೋಗುವ ಎರಡು ಪೈಪು, ಮೋಟಾರಿನ ಮುಂದೆ ಅಡ್ಡಲಾಗಿ ಕೂತ ಸಿಲಿಂಡರ್. ರಾಡ್ ನಿಂತಲ್ಲೇ ನಿಲ್ಲುತ್ತದೆ, ಸಿಲಿಂಡರ್ ಅದರ ಮೇಲೆ ಆ ಕಡೆ ಈ ಕಡೆ ಸರಿದು ಮೋಟಾರನ್ನು ತಿರುಗಿಸುತ್ತದೆ. ರಾಡ್ ಮೇಲೆ ಎಣ್ಣೆ ಕಂಡರೆ ಸಿಲಿಂಡರಿನ ತುದಿಯ ಸೀಲ್, ಅಂದರೆ ಎಣ್ಣೆ ಹೊರಗೆ ಬರದಂತೆ ತಡೆಯುವ ಬಳೆ, ಹೋಗಿದೆ. ಚಕ್ರದ ಬುಡದಲ್ಲಿ ಎಣ್ಣೆ ಕಂಡರೆ ಪಂಪಿನ ಶಾಫ್ಟ್ ಸೀಲ್. ಹೊರಗೆ ಎಲ್ಲೂ ಎಣ್ಣೆ ಇಲ್ಲ, ಆದ್ರೂ ಚಕ್ರ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ.

ನಮ್ಮದು ರಾಡಿನದೇ ತೊಂದರೆ. ಇಲ್ಲಿ ಅದಕ್ಕೆ ಕಾರಣವೂ ಬೇರೆ. ಸಮುದ್ರದಲ್ಲಿ ಉಪ್ಪು ತಿನ್ನುತ್ತದೆ, ನಮ್ಮಲ್ಲಿ ಧೂಳು. ಈ ಡ್ಯಾಮಿನಲ್ಲಿ ಮೊದಲು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಆ ಹೂಳೆಲ್ಲ ಒಣಗಿ, ಗಾಳಿಗೆ ಎದ್ದು, ದಡದಲ್ಲಿ ನಿಂತ ಬೋಟಿನ ಎಣ್ಣೆ ರಾಡಿಗೆ ಅಂಟುತ್ತದೆ. ಯಾರೋ ಸುಮ್ನೆ ಚಕ್ರ ತಿರುಗಿಸುತ್ತಾರೆ. ಆ ಧೂಳು ಸೀಲಿನ ಬಾಯೊಳಗೆ ಹೋಗಿ ಎಮರಿ ಪೇಪರ್ ಕೆಲಸ ಮಾಡುತ್ತದೆ.

ನಾನು ಮೊದಲು ಹಾಕಿಸಿದ್ದು ಬಳ್ಳಾರಿ ಸೀಲ್. ಗಣಿ, ಉಕ್ಕಿನ ಕಾರ್ಖಾನೆ ಇರುವ ಊರು. ಹಿಟಾಚಿ, ಜೆಸಿಬಿ ಸಿಲಿಂಡರಿಗೆ ಬೇಕಾದ ಸೀಲ್ ಅಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು? ಅಂಗಡಿಯವರು ಹಳೆ ಸೀಲನ್ನು ವರ್ನಿಯರ್‌ಗೆ ಹಿಡಿದು ನೋಡಿ, "ಇಂಚಿನ ಅಳತಿ ಐತ್ರಿ ಅಣ್ಣಾರ, ನಮ್ಮಲ್ಲಿ ಎಂಎಂ ಬರ್ತಾವು, ಹತ್ತಿರದ್ದು ಕೊಡ್ತೀನಿ" ಅಂದರು. ಕೂತಿತು. ಸೋರುವುದೂ ನಿಂತಿತು. ಆದರೆ ಸ್ಟೇರಿಂಗ್ ಗಟ್ಟಿಯಾಯ್ತು. ಹಿಟಾಚಿ ಸೀಲ್ ಪಾಲಿಯುರೆಥೇನ್, ಭಾರಿ ಒತ್ತಡ ತಡೆಯಲು ಮಾಡಿದ್ದು. ಅದರ ತುಟಿ ಒತ್ತಡ ಬಂದಾಗ ಅಗಲವಾಗಿ ರಾಡಿಗೆ ಅಂಟುತ್ತದೆ. ಬೋಟಿನಲ್ಲಿ ಒತ್ತಡ ಕೊಡೋದು ನಮ್ಮ ಕೈ, ಅಷ್ಟು ಬಲ ಎಲ್ಲಿಂದ ಬರಬೇಕು? ಹಾಗಾಗಿ ನಿಧಾನಕ್ಕೆ ಹೋಗುವಾಗ, ಬೋಟು ಸುಮ್ನೆ ನಿಂತಾಗ, ಸಣ್ಣಗೆ ಜಿನುಗೋದು ಮತ್ತೆ ಶುರುವಾಯ್ತು. ದುಡ್ಡು ತೀರಾ ಕಡಿಮೆ, ಹಾಕೋದೂ ಸುಲಭ. ತುರ್ತಿಗೆ ಆದೀತು. ಮಳೆಗಾಲದಲ್ಲಿ ಅಲೆ ಎದ್ದಾಗ ಜನರನ್ನು ಕೂರಿಸಿಕೊಂಡು ಅದರ ಮೇಲೆ ನಂಬಿಕೆ ಇಟ್ಟು ಹೊರಡೋಕೆ ನನಗೆ ಮನಸ್ಸಿಲ್ಲ.

ಆಮೇಲೆ ಕಂಪನಿ ಕಿಟ್, ಅಂದರೆ ಸ್ಟೇರಿಂಗ್ ಕಂಪನಿಯೇ ಕೊಡುವ ಸೀಲ್ ಸೆಟ್, ತರಿಸಿದೆ. ನಮ್ಮದು ಬೇಸ್ಟಾರ್ ಅನ್ನೋ ಹೆಸರಿನ ಸ್ಟೇರಿಂಗ್ ಸೆಟ್, 150 ಎಚ್‌ಪಿ ತನಕ ನಡೆಯುತ್ತದೆ. ಹಳೆ ಡಬ್ಬಿಯ ಮೇಲೆ ಕಂಪನಿ ಹೆಸರು ಟೆಲಿಫ್ಲೆಕ್ಸ್ ಅಂತಲೋ ಸೀಸ್ಟಾರ್ ಅಂತಲೋ ಇರುತ್ತದೆ. 2017ರಲ್ಲಿ ಡೊಮೆಟಿಕ್ ಆ ಕಂಪನಿಯನ್ನು ಕೊಂಡಿದೆ, ಈಗ ಆ ಹೆಸರಿನಲ್ಲಿ ಹುಡುಕಬೇಕು. ಸಿಲಿಂಡರಿನ ಮೇಲಿನ ನಂಬರ್ ಕೊಟ್ಟೇ ಆರ್ಡರ್ ಮಾಡಿ, ಒಂದೇ ತರ ಕಾಣುವ ಸಿಲಿಂಡರುಗಳಿಗೂ ಕಿಟ್ ಬೇರೆ ಬೇರೆ. ತುದಿಯ ನಟ್ ಬಿಚ್ಚೋಕೆ ಎರಡು ಮೊಳೆಯ ಪಾನಾ ಬೇಕು. ನಾನು ಲೇತ್‌ನಲ್ಲಿ ಮಾಡಿಸಿಕೊಂಡೆ. ಪೈಪ್ ಪಾನಾ ಹಚ್ಚಿದರೆ ಅಲ್ಯುಮಿನಿಯಂ ಕಿತ್ತು ಬರುತ್ತದೆ. ಹೊಸ ಸೀಲ್ ತೂರಿಸುವ ಮುಂಚೆ ರಾಡಿನ ಥ್ರೆಡ್ ಮೇಲೆ ಎರಡು ಸುತ್ತು ಟೇಪ್ ಸುತ್ತಿ, ಇಲ್ಲದಿದ್ದರೆ ಸೀಲಿನ ತುಟಿ ಅಲ್ಲೇ ಸೀಳುತ್ತದೆ. ಹಾಕಿದ ಮೇಲೆ ಚಕ್ರ ಒಂದು ಬೆರಳಿಗೆ ತಿರುಗಿತು. ಬಳ್ಳಾರಿ ಸೀಲಿಗೂ ಇದಕ್ಕೂ ಇರೋ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಆದರೆ ಕಿಟ್ ದುಡ್ಡು ದಂಡವಾಗಬಾರದು ಅಂದರೆ ಮೊದಲು ರಾಡ್ ನೋಡಬೇಕು. ಬನಿಯನ್ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಬೆರಳ ಉಗುರನ್ನು ಉದ್ದಕ್ಕೂ ಎಳೆಯಿರಿ. ಗೆರೆ ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ಕಿಟ್ ಸಾಕು. ಉಗುರು ಟಕ್ ಅಂತ ಎಲ್ಲಾದರೂ ನಿಂತರೆ ಯಾವ ಸೀಲ್ ಹಾಕಿದರೂ ಪ್ರಯೋಜನವಿಲ್ಲ, ಆ ಗೀರು ಹೊಸ ಸೀಲನ್ನೂ ಕೊಯ್ಯುತ್ತದೆ. ನೇರ ಹೋಗುವಾಗ ಸಿಲಿಂಡರಿನ ತುದಿ ಯಾವ ಜಾಗದಲ್ಲಿ ಇರುತ್ತೋ ಅಲ್ಲಿ ಜಾಸ್ತಿ ಗಮನ ಕೊಡಿ, ಸವೆತ ಶುರುವಾಗೋದೇ ಅಲ್ಲಿಂದ.

ನಮ್ಮ ರಾಡೂ ಹಾಗೇ ಆಗಿ, ಕೊನೆಗೆ ನಮ್ಮ ಬೋಟಿಗೂ ಹೊಸ ಸಿಲಿಂಡರೇ ಬಂತು. ಬೆಲೆ ಕೇಳಿ ಮಾಲೀಕರು ಹೌಹಾರಿದರು. ಪಂಪೂ ಪೈಪೂ ಸೇರಿಸಿ ಪೂರ್ತಿ ಸೆಟ್ ತಗೊಂಡರೆ ಇನ್ನೂ ಜಾಸ್ತಿ. ಪೂರ್ತಿ ಸೆಟ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಪಂಪ್ ಅಷ್ಟು ಬೇಗ ಕೆಡುವ ಸಾಮಾನಲ್ಲ. ಅದರ ಶಾಫ್ಟ್ ಸೀಲ್ ಬದಲಾಯಿಸಿ, ಒಳಗಿನ ಭಾಗಕ್ಕೆ ಕೈ ಹಾಕಬೇಡಿ. ಸಿಲಿಂಡರ್ ಮಾತ್ರ ಹೊಸದು ಹಾಕಿದರೆ ರಾಡ್, ಸೀಲ್ ಎಲ್ಲ ಒಟ್ಟಿಗೆ ಬಂದು ತಲೆನೋವು ಮುಗಿಯುತ್ತದೆ.

ಪೈಪಿನ ವಿಷಯ ಬಂತಲ್ಲ, ಗಂಗಾವತಿಯ ಹೋಸ್ ಅಂಗಡಿಗೂ ಹೋಗಿದ್ದೆ. ಭತ್ತದ ಸೀಮೆ, ಹಾರ್ವೆಸ್ಟರ್ ಓಡಾಡುವ ಜಾಗ, ಪೈಪ್ ಕತ್ತರಿಸಿ ಪ್ರೆಸ್ ಮಾಡಿ ಆಗಲೇ ಕೊಡುತ್ತಾರೆ. ಪೈಪ್ ಗಟ್ಟಿಮುಟ್ಟಾದದ್ದೇ, ಬೋಟಿಗೆ ಬೇಕಾದ್ದಕ್ಕಿಂತ ಹೆಚ್ಚು ತಡೆಯುತ್ತದೆ. ತಕರಾರು ಥ್ರೆಡ್ಡಿನದು. ಟ್ರ್ಯಾಕ್ಟರ್ ಕಡೆಯ ಪೈಪಿಗೆ ಹಾಕುವ ಜೆಐಸಿ ಅನ್ನೋ ಅಳತೆಯ ನಟ್ 9/16 ಇಂಚು, ಇಂಚಿಗೆ 18 ಸುತ್ತು. ಸೀಸ್ಟಾರ್ ಪೈಪಿನದೂ 9/16, ಆದರೆ 24 ಸುತ್ತು. ದಪ್ಪ ಒಂದೇ ಆದ್ದರಿಂದ ಒಂದೆರಡು ಸುತ್ತು ಹೋಗಿಬಿಡುತ್ತದೆ. ಅಲ್ಲಿಗೆ ನಿಲ್ಲಿಸದೆ ಪಾನಾ ಹಚ್ಚಿದರೆ ಸಿಲಿಂಡರಿನ ಥ್ರೆಡ್ ಹೋಯ್ತು ಅಂತಲೇ ಲೆಕ್ಕ. ಅಡಾಪ್ಟರ್ ಮಾಡಿಸಬಹುದು. ಆದರೆ ತಂತಿ ಹೆಣೆದ ಆ ಪೈಪು ಮೋಟಾರಿನ ಹತ್ತಿರ ಬೇಕಾದಷ್ಟು ಬಾಗೋದಿಲ್ಲ, ಮೋಟಾರ್ ಮೇಲಕ್ಕೆ ಎತ್ತಿದಾಗ ಎಳೆದುಕೊಳ್ಳುತ್ತದೆ. ಪೈಪ್ ಕಂಪನಿಯದೇ ಇರಲಿ.

ಎಣ್ಣೆಯಲ್ಲಂತೂ ಹೋಲಿಕೆಯೇ ಬೇಡ. ಬೇಕಾದ್ದು ಐಎಸ್ಒ 15 ದರ್ಜೆಯ ತೆಳು ಹೈಡ್ರಾಲಿಕ್ ಎಣ್ಣೆ. ನಮ್ಮ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಗೋದು 68, ಅದು ತೀರಾ ದಪ್ಪ. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗೇರಿನ ಎಟಿಎಫ್ ಕೂಡ ಬೇಡ ಅಂತ ಕಂಪನಿಯೇ ಹೇಳಿದೆ.

ಇದರಲ್ಲಿ ಯಾವುದನ್ನು ಹಾಕಿದರೂ ಕೊನೆಗೆ ಗಾಳಿ ತೆಗೆಯಲೇಬೇಕು, ಅದಕ್ಕೆ ಇಬ್ಬರು ಬೇಕು. ಎಣ್ಣೆ ಬಾಟಲಿಯನ್ನು ಪಂಪಿನ ಬಾಯಿಗೆ ತಲೆಕೆಳಗಾಗಿ ಕೂರಿಸಿ. ಚಕ್ರವನ್ನು ಒಂದು ಕೊನೆಗೆ ತಿರುಗಿಸಿ. ಆ ತುದಿಯ ಬ್ಲೀಡರ್ (ಗಾಳಿ ಬಿಡುವ ತಿರುಪು) ಸಡಿಲಿಸಿ, ಒಬ್ಬರು ಸಿಲಿಂಡರ್ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸುತ್ತಾ ಹೋಗಬೇಕು. ಅಕ್ಕನ ಮಗ ಹಿಂದೆ ಕೂತು "ಮಾವಾ, ಗುಳ್ಳಿ ಇನ್ನೂ ಬರಾಕತ್ತಾವು" ಅನ್ನುವ ತನಕ ನಾನು ನಿಲ್ಲಿಸೋ ಹಾಗಿಲ್ಲ. ಗುಳ್ಳೆ ನಿಂತು ಎಣ್ಣೆ ಸಣ್ಣ ಧಾರೆಯಾಗಿ ಬಂದ ಮೇಲೆ ಬಿಗಿದು, ಇನ್ನೊಂದು ಕಡೆಗೂ ಅದೇ ಕೆಲಸ. ಮಧ್ಯದಲ್ಲಿ ಬಾಟಲಿ ಖಾಲಿಯಾದರೆ ಮೊದಲಿಂದ ಶುರು.

ಇಷ್ಟೆಲ್ಲ ಒದ್ದಾಡುವ ಬದಲು ಕೇಬಲ್ ಹಾಕಬಾರದಾ ಅಂತ ಮಾಲೀಕರು ಕೇಳಿದರು. 40ರ ಬೋಟಿಗೆ ಕೇಬಲ್ಲೇ ಸರಿ. 60ಕ್ಕೆ ಕೇಬಲ್ ಹಾಕಿದರೆ ಜೋರಾಗಿ ಹೋಗುವಾಗ ಮೋಟಾರ್ ಚಕ್ರವನ್ನು ಒಂದು ಕಡೆ ಎಳೆಯುತ್ತಲೇ ಇರುತ್ತದೆ, ಸಂಜೆಗೆ ಭುಜ ಬಿದ್ದುಹೋಗುತ್ತದೆ. ಹೈಡ್ರಾಲಿಕ್‌ನಲ್ಲಿ ಕೈ ಬಿಟ್ಟರೂ ಚಕ್ರ ಇಟ್ಟಲ್ಲೇ ಇರುತ್ತದೆ, ನಾನು ಅದಕ್ಕೆ ಅಂಟಿಕೊಂಡಿರೋದೂ ಈ ಕಾರಣಕ್ಕೇ. ಕೇಬಲ್ ಇಟ್ಟುಕೊಂಡವರು ಗ್ರೀಸ್ ಹೊಡೆಯುವಾಗ ಮಾತ್ರ ನೋಡಿಕೊಳ್ಳಿ, ಕೇಬಲ್ಲಿನ ತುದಿ ಪೂರ್ತಿ ಒಳಗೆ ಎಳೆದುಕೊಂಡಿರಬೇಕು. ಹೊರಗೆ ಚಾಚಿಕೊಂಡಿದ್ದಾಗ ಗ್ರೀಸ್ ತುಂಬಿದರೆ ಒಳಗೆ ಜಾಗವಿಲ್ಲದೆ ಸ್ಟೇರಿಂಗ್ ಕಚ್ಚಿಕೊಂಡು ನಿಲ್ಲುತ್ತದೆ.