ಫಾಸ್ಟರ್ ಮನೆಗೆ ಮಡಚುವ ತಂತಿ ಕ್ರೇಟ್: ಎಲ್ಲಿ ಗಟ್ಟಿ, ಎಲ್ಲಿ ಕೈಕೊಡುತ್ತದೆ

ರಕ್ಷಿಸಿ ತಂದ ನಾಯಿಗಳನ್ನು ತಾತ್ಕಾಲಿಕವಾಗಿ ಸಾಕುವ ಮನೆಗೆ 42 ಇಂಚಿನ, ಎರಡು ಬಾಗಿಲಿನ ತಂತಿ ಕ್ರೇಟ್ (ನಾಯಿಯನ್ನು ಬಿಡುವ ಮಡಚುವ ಪಂಜರ) ಒಳ್ಳೆಯ ಆಯ್ಕೆ. ಒಳಗಿನ ಅಡ್ಡಗೋಡೆ ಸರಿಸಿದರೆ ಇವತ್ತಿನ ಮರಿಗೂ ಆಯಿತು, ಮುಂದಿನ ತಿಂಗಳು ಬರುವ 25 ಕೆ.ಜಿ. ನಾಯಿಗೂ ಆಯಿತು. ತಲೆ ತಗ್ಗಿಸದೆ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಇರಲೇಬೇಕು.

ಇದರ ಬೆಲೆ ಗೊತ್ತಾಗುವುದು ತೊಳೆಯುವಾಗ. ನಾಯಿಗಳಿಗೆ ಮಾರಕ ವಾಂತಿ-ಭೇದಿ ತರುವ ಪಾರ್ವೊ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಬಟ್ಟೆಯ ಕ್ರೇಟಿನಿಂದ ಅದನ್ನು ಹೋಗಲಾಡಿಸುವುದು ಕಷ್ಟ. ತಂತಿಯದಾದರೆ ಮೊದಲು ಮಲಮೂತ್ರವನ್ನು ಸೋಪುನೀರಿನಲ್ಲಿ ಉಜ್ಜಿ ಜಾಲಿಸಿ. ಮೂತ್ರದ ಮೇಲೆಯೇ ಬ್ಲೀಚ್ (ಕ್ಲೋರಿನ್ ಇರುವ ಸೋಂಕುನಿವಾರಕ ದ್ರವ) ಸುರಿದರೆ ವಿಷಗಾಳಿ ಏಳುತ್ತದೆ. ಆಮೇಲೆ 1 ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹಚ್ಚಿ, 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ಮತ್ತೆ ತೊಳೆದು ಒಣಗಿಸಿ. ಬ್ಲೀಚ್ ಉಳಿದರೆ ತಂತಿ ತುಕ್ಕು ಹಿಡಿಯುತ್ತದೆ.

ಕೊರತೆಗಳೂ ಇವೆ. ಹೆದರಿದ ನಾಯಿ ಕೆರೆದು ಕೆರೆದು ಪ್ಲಾಸ್ಟಿಕ್ ಟ್ರೇಯನ್ನು ಹೊರಕ್ಕೆ ತಳ್ಳುತ್ತದೆ. ಒಂದೇ ಚಿಲಕದ ಬಾಗಿಲಾದರೆ ಕೆಳಮೂಲೆ ಬಗ್ಗಿ ಮೂತಿ ತೂರುವಷ್ಟು ಸಂದಿಯಾಗುತ್ತದೆ, ಅಲ್ಲಿಗೊಂದು ಕ್ಯಾರಬೀನರ್ (ಸ್ಪ್ರಿಂಗ್ ಬಾಯಿಯ ಲೋಹದ ಕೊಂಡಿ) ಹಾಕಿ. ಒಳಗೆ ಬಿಡುವ ಮುನ್ನ ಕೊರಳಪಟ್ಟಿ ತೆಗೆಯಿರಿ. ಬಿಲ್ಲೆ ತಂತಿಗೆ ಸಿಕ್ಕಿದರೆ ಉಸಿರುಗಟ್ಟುತ್ತದೆ.

ಬಾಗಿಲು ಹಾಕಿದೊಡನೆ ಜೊಲ್ಲು ಸುರಿಸಿ ಕಂಬಿ ಕಚ್ಚುವ ನಾಯಿಗೆ ಇದು ಬೇಡವೇ ಬೇಡ, ಹಲ್ಲು ಮುರಿದುಕೊಳ್ಳುತ್ತದೆ. ಅಂಥದ್ದಕ್ಕೆ ಒಂದು ಕೋಣೆ, ಬಾಗಿಲಿಗೊಂದು ಅಡ್ಡಗೇಟು.